ಉದಾಹರಣೆ ಹೇಳಿ ಕೆಟ್ಟ ಮೇಷ್ಟ್ರು

ಆ ಟ್ಯುಟೋರಿಯಲ್ಲಿನ ಗೋಡೆಗಳು ಸೂರನ್ನು ಮುಟ್ಟುತ್ತಿರಲಿಲ್ಲ. ಹಿಂದೆ ಗೋದಾಮಾಗಿದ್ದ ಕಟ್ಟಡವನ್ನು ಪ್ಲೈವುಡ್ ಹಲಗೆಗಳಿಂದ ಸೀಳಿ, ತರಗತಿ, ಕಚೇರಿ, ಮೇಷ್ಟ್ರುಗಳ ಕೋಣೆ ಎಂದು ಹೆಸರಿಟ್ಟಿದ್ದರು. ಹಲಗೆಗೂ ಸೂರಿಗೂ ನಡುವೆ ಒಂದು ಮೊಳದ ಸಂದಿ ಉಳಿದಿತ್ತು. ಗಾಳಿಯಾಡಲೆಂದು ಬಿಟ್ಟ ಆ ಸಂದಿಯಲ್ಲಿ ಗಾಳಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಆಡುತ್ತಿತ್ತು. ಇಂಗ್ಲಿಷ್ ಮೇಷ್ಟ್ರ ಗಂಡಾಂತರ ಇಳಿದು ಬಂದದ್ದೂ ಅಲ್ಲಿಂದಲೇ.

ಮೇಷ್ಟ್ರಿಗೆ ಅದು ದೊಡ್ಡ ದಿನ. ಕೆಲಸಕ್ಕೆ ಸೇರಿ ವರ್ಷಗಳಾದರೂ ‘ತಾತ್ಕಾಲಿಕ’ವೆಂಬ ಶಬ್ದ ಅವರಿಗೆ ಜಿಗಣೆಯಂತೆ ಅಂಟಿಕೊಂಡಿತ್ತು. ಮಧ್ಯಾಹ್ನ ಯಜಮಾನರು ಖುದ್ದಾಗಿ ಪಾಠ ಕೇಳಿ, ಅವರನ್ನು ಕಾಯಂ ಮಾಡುವುದೋ ಕಳಿಸಿಬಿಡುವುದೋ ತೀರ್ಮಾನಿಸುವವರಿದ್ದರು. ಅಕ್ಕನ ಮನೆಯ ಹಜಾರದಲ್ಲಿ, ಹೊಲಿಗೆಯಂತ್ರದ ಪಕ್ಕ ಮಲಗುವ ಮೇಷ್ಟ್ರಿಗೆ ಬೆಳಿಗ್ಗೆಯೇ ಭಾವ ಹೇಳಿಯಾಗಿತ್ತು: “ನೋಡಪ್ಪ, ಕೆಲಸ ಕಾಯಂ ಆಗದೋನಿಗೆ ನಮ್ಮ ಹಜಾರವೂ ಕಾಯಂ ಅಲ್ಲ. ಸಂಜೆ ಒಳ್ಳೇ ಸುದ್ದಿ ತಂದ್ರೆ ಊಟ, ಇಲ್ಲಾಂದ್ರೆ ಹಾಸಿಗೆ ಸುತ್ತು.”

“ಹಾಗೆಲ್ಲ ಹೆದರಿಸ್ಬೇಡಿ, ಚೆಲ್ಲಿಬಿಡ್ತಾನೆ,” ಎಂದು ಅಕ್ಕ ತುಂಬಿದ ಲೋಟವನ್ನು ತಮ್ಮನ ಕೈಯಿಂದ ಇಸಿದುಕೊಂಡಳು.

ಮೊದಲ ಪಾಠದಲ್ಲೇ ಮೇಷ್ಟ್ರು, ಮಧ್ಯಾಹ್ನಕ್ಕೆ ಅಭ್ಯಾಸವಾಗಲೆಂದು, ಕಂಠ ಬಿಚ್ಚಿದರು.

“ನಮ್ಮಲ್ಲಿ ‘ಕೊಳ್ಳು’ ಅಂತ ಸೇರಿಸಿದ್ರೆ ಸಾಕು. ತೊಳೆದುಕೊಂಡ, ಬಡಿಸಿಕೊಂಡ, ಮುಗೀತು. ಇಂಗ್ಲಿಷ್‌ನಲ್ಲಿ ಹಾಗಲ್ಲ ಮಕ್ಕಳೇ. ಮಾಡಿದೋನು ‘ಹಿಮ್‌ಸೆಲ್ಫ್’ ಅಂತ ತನ್ನನ್ನೇ ಹಿಡಿದು ನಿಲ್ಲಿಸ್ಬೇಕು. ಅವನ ಹಿಂದೆ ಒಂದು ಬಾಲ ಬರ್ಬೇಕು. ಒಂದೊಂದು ಕ್ರಿಯಾಪದಕ್ಕೆ ಒಂದೊಂದು ಬಾಲ. ಹೆಲ್ಪ್‌ಗೆ ‘ಟು’, ಆಬ್ಸೆಂಟ್‌ಗೆ ‘ಫ್ರಮ್’, ಪ್ರೈಡ್‌ಗೆ ‘ಆನ್’. ಹಸುವಿನ ಬಾಲ ಕೋಳಿಗೆ ಅಂಟಿಸಿದ್ರೆ ಅತ್ಲಾಗೆ ಹಾಲೂ ಇಲ್ಲ, ಇತ್ಲಾಗೆ ಮೊಟ್ಟೆಯೂ ಇಲ್ಲ! ಬರ್ಕೊಳ್ಳಿ: ಹಿ ಹೆಲ್ಪ್ಡ್ ಹಿಮ್‌ಸೆಲ್ಫ್ ಟು ದ ಬಿಸ್ಕಟ್ಸ್. ಅಂದ್ರೆ, ಯಾರನ್ನೂ ಕೇಳದೆ ಡಬ್ಬಿಗೆ ಕೈ ಹಾಕಿ ಬಿಸ್ಕತ್ತು ತಿಂದ!”

ಹಲಗೆಯಾಚೆ ಏನೋ ಧೊಪ್ಪನೆ ಬಿತ್ತು.

ಪಾಠ ಮುಗಿಸಿ ಹೊರಬಂದರೆ ಕಚೇರಿಯ ಗುಮಾಸ್ತರು ಬಾಗಿಲಲ್ಲೇ ನಿಂತಿದ್ದರು, ಸುಣ್ಣ ಬಳಿದ ಮುಖದಲ್ಲಿ. “ಸಾರ್, ವಿಜ್ಞಾನದ ಮೇಡಂ ಡಬ್ಬಿಯಿಂದ ನಾನು ತಗೊಳ್ಳೋದು ಒಂದೋ ಎರಡೋ. ಹಸಿದ್ರೆ ನನಗೆ ತಲೆ ಸುತ್ತುತ್ತೆ. ಅದನ್ನ ಮಕ್ಕಳ ಮುಂದೆ ಕೂಗಿ ಹೇಳ್ಬೇಕಿತ್ತಾ?”

“ಅಯ್ಯೋ, ಅದು ಬರೀ ಉದಾಹರಣೆ ಸಾರ್!”

“ಉದಾಹರಣೆ ಏನು ಆಕಾಶದಿಂದ ಉದುರುತ್ತಾ?”

ಎರಡನೆಯ ಪಾಠದಲ್ಲಿ ‘ಫ್ರಮ್’ ಬಂತು. ‘ಹಿ ಆಬ್ಸೆಂಟೆಡ್ ಹಿಮ್‌ಸೆಲ್ಫ್ ಫ್ರಮ್ ದ ಕ್ಲಾಸ್’, ಎಂದರೆ ತರಗತಿಗೆ ಬಾರದೆ ತಪ್ಪಿಸಿಕೊಂಡ. ಪಕ್ಕದ ತರಗತಿಯಲ್ಲಿ ಲೆಕ್ಕದ ಮೇಷ್ಟ್ರ ಸೀಮೆಸುಣ್ಣ ಕಿರ್ರೆಂದು ನಿಂತಿತು. ಅವರು ಜಗಳಕ್ಕೆ ಬರಲಿಲ್ಲ. ಬಿಡುವಿನಲ್ಲಿ ಒಂದು ಗಾಜಿನ ಲೋಟದ ತುಂಬ ಚಹಾ ತಂದಿಟ್ಟು ಹೋದರು. ಯಾರಿಗೂ ಎಂದೂ ಒಂದು ಗುಟುಕು ನೀರು ಕೊಟ್ಟವರಲ್ಲ! ಇಂಗ್ಲಿಷ್ ಮೇಷ್ಟ್ರು ಚಹಾವನ್ನು ಮೂಸಿದರು, ಬೆಳಕಿಗೆ ಹಿಡಿದರು, ಕೊನೆಗೆ ಗುಮಾಸ್ತರ ಮುಂದೆ ಸರಿಸಿದರು. ಗುಮಾಸ್ತರೂ ಮೂಸಿ, ಕಿಟಕಿಯಲ್ಲಿದ್ದ ಗಿಡಕ್ಕೆ ಸುರಿದರು.

“ಕುಡೀಲಿಲ್ವಾ?” ಲೆಕ್ಕದ ಮೇಷ್ಟ್ರು ಹಿಂದಿನಿಂದ ಬಂದು ಕಿವಿಯ ಬಳಿ ಬಗ್ಗಿದರು. “ಸರಿ, ಹೇಳಿಬಿಡಿ. ನಾನು ಇಲ್ಲಿ ಕ್ಲಾಸ್ ತಪ್ಪಿಸಿ, ಎದುರುಗಡೆ ಟ್ಯುಟೋರಿಯಲ್‌ನಲ್ಲಿ ಪಾಠ ಮಾಡಿ ಬರೋದು ನಿಮಗೆ ಹೇಗೆ ಗೊತ್ತಾಯ್ತು?”

“ಈಗ ನೀವೇ ಹೇಳಿದ್ರಲ್ಲ ಸಾರ್!”

“ಇದೇ, ಇದೇ ನಿಮ್ಮ ಬುದ್ಧಿ! ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡ್ತೀರಿ.”

ಆಮೇಲೆ, ‘ಶಿ ಪ್ರೈಡ್ಸ್ ಹರ್‌ಸೆಲ್ಫ್ ಆನ್ ಹರ್ ಡ್ರಾಯಿಂಗ್’, ತಾನು ಚೆನ್ನಾಗಿ ಚಿತ್ರ ಬರೆಯುತ್ತೇನೆಂದು ಅವಳಿಗೆ ಹೆಮ್ಮೆ, ಎಂಬ ವಾಕ್ಯ ಹಲಗೆ ದಾಟುವಷ್ಟರಲ್ಲಿ ವಿಜ್ಞಾನದ ಮೇಡಂ ತರಗತಿಯೊಳಗೇ ನುಗ್ಗಿದರು.

“ಹೌದ್ರೀ! ಗೋಡೆ ಮೇಲಿರೋ ಕಪ್ಪೆ, ಹೃದಯ, ಹೂವು ಎಲ್ಲ ನಮ್ಮ ಮನೆಯವರೇ ಬರೆದಿದ್ದು. ಏನೀಗ? ಮೂತ್ರಪಿಂಡ ಮಾತ್ರ ನನ್ನ ಕೈಯದ್ದು!”

ಮೂತ್ರಪಿಂಡ ಎಲ್ಲಿದೆ ಎಂದು ಮಕ್ಕಳು ತಿರುಗಿ ನೋಡಿದರು. ಅದನ್ನು ಅವರು ಇಷ್ಟು ದಿನ ಗೋಡಂಬಿ ಎಂದುಕೊಂಡಿದ್ದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಎಲ್ಲರೂ ಬಲ್ಲರು. ಹಾಗೆ ಕೂಗಿದವನ ಗತಿ ಏನಾಯಿತೆಂಬುದನ್ನು ಮಾತ್ರ ಯಾರೂ ಹೇಳಿದಂತಿಲ್ಲ.

ಊಟದ ಹೊತ್ತಿಗೆ ಮೂವರೂ ತಲೆ ಸೇರಿಸಿ ನಿರ್ಣಯಕ್ಕೆ ಬಂದರು: ಈ ಮನುಷ್ಯ ಮೇಷ್ಟ್ರಲ್ಲ, ಯಜಮಾನರು ಸಾಕಿದ ಕಿವಿ. ಬುತ್ತಿ ಬಿಚ್ಚುತ್ತಿದ್ದ ಇಂಗ್ಲಿಷ್ ಮೇಷ್ಟ್ರ ಸುತ್ತ ಕುರ್ಚಿಗಳು ಬಂದು ನಿಂತವು.

“ಯಜಮಾನರ ಎದುರಿಗೆ ‘ಹಿ’ ಅಂದ್ರೋ, ಜೋಕೆ!” ಎಂದರು ಗುಮಾಸ್ತರು.

“‘ಶಿ’ ಅಂದ್ರೂ ಅಷ್ಟೇ,” ಎಂದರು ಮೇಡಂ.

“‘ದೇ’ ಅಂದ್ರೆ ಮೂವರೂ ಒಟ್ಟಿಗೆ ಬರ್ತೀವಿ,” ಎಂದು ಲೆಕ್ಕದ ಮೇಷ್ಟ್ರು ಕೂಡಿ ಹೇಳಿದರು.

“ಮತ್ತೆ ಯಾರ ಮೇಲೆ ವಾಕ್ಯ ಮಾಡ್ಲಿ?”

“ನಿಮ್ಮ ಮೇಲೇ ಮಾಡ್ಕೊಳ್ಳಿ!”

ಇಂಗ್ಲಿಷ್ ಮೇಷ್ಟ್ರಿಗೆ ಅದು ದೇವರೇ ಆಡಿಸಿದ ಮಾತೆನಿಸಿತು. ‘ಐ’ ಎಂದರೆ ನಾನು. ನನ್ನನ್ನು ನಾನೇ ಅಂದುಕೊಂಡರೆ ಇನ್ಯಾರ ಗಂಟು ಹೋಯಿತು?

ಮಧ್ಯಾಹ್ನ ಯಜಮಾನರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಬೆಂಚು ತಮ್ಮದೇ ಆದರೂ ಅಲುಗಾಡಿಸಿ ನೋಡಿಯೇ ಕುಳಿತುಕೊಳ್ಳುವ ಆಸಾಮಿ. ಒಂದು ಕಾಲಿನ ಮೇಲೆ ಇನ್ನೊಂದನ್ನು ಹಾಕಿ ಆಡಿಸತೊಡಗಿದರು. ಹಲಗೆಯಾಚೆ ಮೂರು ಜೊತೆ ಕಿವಿಗಳು ಅಂಟಿಕೊಂಡವು.

“ಐ ಅಲೈಡ್ ಮೈಸೆಲ್ಫ್ ವಿತ್ ಮೈ ರೈವಲ್,” ಎಂದು ಮೇಷ್ಟ್ರು ಆರಂಭಿಸಿದರು. “ಇದಕ್ಕೆ ‘ವಿತ್’ ಬಾಲ. ನಾನು ನನ್ನ ಎದುರಾಳಿಯ ಜೊತೆ ಕೈ ಜೋಡಿಸಿದೆ.”

ಯಜಮಾನರ ಕಾಲಾಟ ನಿಂತಿತು. ‘ಗಮನ ಕೊಡ್ತಿದ್ದಾರೆ!’ ಎಂದು ಮೇಷ್ಟ್ರಿಗೆ ಹುಮ್ಮಸ್ಸು ಉಕ್ಕಿತು.

“ಐ ವಿಲ್ ರಿಡ್ ಮೈಸೆಲ್ಫ್ ಆಫ್ ದಿಸ್ ಪ್ಲೇಸ್. ಇದಕ್ಕೆ ‘ಆಫ್’. ಈ ಜಾಗದ ಕಾಟ ಕಳ್ಕೊಳ್ತೀನಿ.”

ಯಜಮಾನರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

“ಐ ಕೆಪ್ಟ್ ಇಟ್ ಟು ಮೈಸೆಲ್ಫ್. ಇಲ್ಲಿ ನೋಡಿ, ‘ಟು’ ಮುಂದೆ ನಿಂತಿದೆ. ಯಾರಿಗೂ ಬಾಯಿ ಬಿಡದೆ ಗುಟ್ಟಾಗಿ ಇಟ್ಕೊಂಡೆ.”

“ಸಾಕು!” ಯಜಮಾನರು ಎದ್ದ ರಭಸಕ್ಕೆ ಬೆಂಚು ಮಗುಚಿತು. “ನನ್ನ ಕೋಣೆಗೆ ಬನ್ನಿ.”

ಕೋಣೆಯಲ್ಲಿ ಅವರು ಚಿಲಕ ಹಾಕಿದರು. ಫ್ಯಾನನ್ನು ಪೂರ್ತಿ ತಿರುಗಿಸಿ, ರೇಡಿಯೊವನ್ನು ಕಿರುಚಲು ಬಿಟ್ಟು, ಮೇಷ್ಟ್ರ ಕಿವಿಗೆ ಬಾಯಿ ಹಚ್ಚಿದರು. “ಯಾರ್ರೀ ಹೇಳಿದ್ದು ನಿಮಗೆ?”

“ಏನನ್ನ ಸಾರ್?”

“ನಾಟಕ ಬೇಡ. ನಾನು ಎದುರುಗಡೆ ಟ್ಯುಟೋರಿಯಲ್‌ನವರ ಜೊತೆ ಕೈ ಜೋಡಿಸಿ ಇದನ್ನ ಅವರಿಗೇ ಮಾರಿದ್ದು ನನ್ನ ಹೆಂಡತಿಗೂ ಗೊತ್ತಿಲ್ಲ. ನೀವು ‘ನಾನು, ನಾನು’ ಅಂತ ನನ್ನ ಬಾಯಲ್ಲಿ ನಾನೇ ಹೇಳಿದ ಹಾಗೆ ಹೇಳ್ತಿದ್ದೀರಿ!”

ಮೇಷ್ಟ್ರು ಬಾಗಿಲ ಚಿಲಕದ ಕಡೆ ನೋಡಿದರು. ಆ ನೋಟವನ್ನು ಯಜಮಾನರು ಚೌಕಾಸಿ ಎಂದು ತಿಳಿದರು.

“ಆಯ್ತು, ನೀವು ಗೆದ್ರಿ. ಈ ಕ್ಷಣದಿಂದ ನೀವು ಕಾಯಂ. ಆದ್ರೆ ಬಾಯಿ ಬಿಡ್ಬಾರ್ದು. ಬಾಗಿಲು ಮುಚ್ಚೋವರೆಗೂ ಬಿಟ್ಟು ಹೋಗ್ಬಾರ್ದು. ಮೇಷ್ಟ್ರಿಲ್ಲ ಅಂದ್ರೆ ಮಕ್ಕಳು ಚದುರ್ತಾರೆ, ವ್ಯಾಪಾರ ಮುರಿಯುತ್ತೆ. ಆಣೆ ಮಾಡಿ.”

ಮೇಷ್ಟ್ರ ಕೈಯನ್ನು ಅವರೇ ಎಳೆದು, ತಮ್ಮ ಅಂಗೈ ಮೇಲೆ ಅವರೇ ಬಡಿದುಕೊಂಡರು.

“ಬಾಗಿಲು… ಯಾವಾಗ ಮುಚ್ತೀರಿ ಸಾರ್?”

“ತಿಂಗಳ ಕೊನೆಗೆ. ಬೆಂಚು, ಹಲಗೆ, ಮಕ್ಕಳು, ಎಲ್ಲ ಆ ಕಡೆಗೆ. ಮೇಷ್ಟ್ರುಗಳನ್ನ ಅವರು ಬೇರೆ ಹುಡುಕ್ತಿದ್ದಾರೆ.”

ಹೊರಗೆ ಮೂವರೂ ಸಾಲಾಗಿ ನಿಂತಿದ್ದರು. “ಇವರು ಕಾಯಂ ಆದ್ರು,” ಎಂದು ಯಜಮಾನರು ಸಾರಿ, ಒಳಗೆ ಹೋಗಿ, ಬಾಗಿಲನ್ನು ಮಾತ್ರ ಅರ್ಧ ತೆರೆದಿಟ್ಟರು.

“ನಾನು ಹೇಳ್ಲಿಲ್ವಾ, ಇವರು ಯಜಮಾನರ ಕಡೆಯೋರೇ ಅಂತ!” ಗುಮಾಸ್ತರು ಗೊಣಗಿದರು.

ಲೆಕ್ಕದ ಮೇಷ್ಟ್ರು ಹಣೆ ಚಚ್ಚಿಕೊಂಡು ಪಿಸುಗುಟ್ಟಿದರು: “ಛೆ, ಎಂಥ ಕೆಲಸ ಮಾಡ್ದೆ! ಎದುರುಗಡೆ ಏಕಾಏಕಿ ಜನ ಬೇಕಂತೆ, ಯಾಕೋ ಗೊತ್ತಿಲ್ಲ. ನಾವು ಮೂವರೂ ಅಲ್ಲಿ ಜಾಗ ಹಿಡಿದ್ವಿ. ಎದುರಾಳಿ ಜೊತೆ ಸೇರ್ತೀನಿ, ಈ ಜಾಗ ಬಿಡ್ತೀನಿ ಅಂತ ನೀವು ಕ್ಲಾಸಲ್ಲಿ ಹೇಳಿದ್ದು ಕೇಳಿ, ಪಾಪ ಇವರೂ ನಮ್ಮ ಹಾಗೇ ಅಂದ್ಕೊಂಡು ಫೋನ್ ಮಾಡಿ ನಿಮಗೂ ಒಂದು ಜಾಗ ಗಟ್ಟಿ ಮಾಡಿಸಿದ್ದೆ.”

“ಕಾಯಂ ಆದೋರಿಗೆ ಅದ್ಯಾಕೆ?” ಎಂದರು ಮೇಡಂ. “ಬೇರೆ ಯಾರಿಗಾದ್ರೂ ಆಗುತ್ತೆ. ಹೋಗಿ ಇವರ ಹೆಸರು ತೆಗೆಸಿಬಿಡಿ.”

ಇಂಗ್ಲಿಷ್ ಮೇಷ್ಟ್ರು ಬಾಯಿ ತೆರೆದರು. ಒಳಗಿನ ರೇಡಿಯೊ ಥಟ್ಟನೆ ನಿಂತಿತು. ಅರ್ಧ ಬಾಗಿಲಲ್ಲಿ ಯಜಮಾನರ ಒಂದು ಕಣ್ಣು ಕಾಣಿಸಿತು. ಮೇಷ್ಟ್ರು ತೆರೆದ ಬಾಯನ್ನು ಮುಚ್ಚಿ, ಆಗಲೇ ರಸ್ತೆಗಿಳಿದಿದ್ದ ಲೆಕ್ಕದ ಮೇಷ್ಟ್ರ ಬೆನ್ನಿಗೆ ಎರಡೂ ಕೈ ಎತ್ತಿ ಬೀಸಿದರು, ಬೇಡ, ಬೇಡ ಎಂದು. ಲೆಕ್ಕದ ಮೇಷ್ಟ್ರು ರಸ್ತೆಯ ನಡುವೆ ತಿರುಗಿ ನೋಡಿ, ತಾವೂ ಒಂದು ಕೈ ಬೀಸಿ, ಎದುರಿನ ಮೆಟ್ಟಿಲು ಹತ್ತಿದರು.

“ಎಷ್ಟು ಸಂತೋಷ ನೋಡಿ ಪಾಪ,” ಎಂದರು ಮೇಡಂ, “ಮಾತೇ ಹೊರಡ್ತಿಲ್ಲ.”