ಮಾವನ ಭೂತಗನ್ನಡಿ

ನಮ್ಮ ಸೋದರಮಾವನನ್ನು ಮನೆಗೆ ಕರೆಯುವವರಿಗೆ ನನ್ನದೊಂದು ಕಿವಿಮಾತು: ಮೊದಲು ಪಿಂಗಾಣಿ ಸಾಮಾನು ಅಡಗಿಸಿಡಿ. ಕಪ್ಪು ಕಂಡರೆ ಬೋರಲು ಹಾಕಿ ತಳ ನೋಡದೆ ಅವರಿಗೆ ಸಮಾಧಾನವಿಲ್ಲ. ಮುಂಬೈಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ ದುಡಿದು ಕೊಟ್ಟೂರಿಗೆ ಮರಳಿದವರು. ಜಪಾನಿನ ಹಳೆಯ ಹೂದಾನಿ ಯಾವುದು, ಈಚಿನ ನಕಲು ಯಾವುದು ಎಂದು ಹೇಳುವುದೇ ಅವರ ವಿದ್ಯೆ. ಈ ಊರಿನಲ್ಲಿ ಅದು ಯಾರಿಗೆ ಬೇಕು ಅನ್ನುತ್ತೀರಾ? ಕೇಳಿ ಕೇಳಿ ನಾನೂ ಸುಸ್ತಾಗಿದ್ದೇನೆ. ಬಿಸಿಲಲ್ಲಿ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಿರುಗುವವನು ನಾನೇ ತಾನೆ.

ಒಂದೇ ಒಂದು ಸಾಮಾನು ಅವರ ಕೈಗೆ ಸಿಕ್ಕಿರಲಿಲ್ಲ, ಅತ್ತೆಯ ಹೂದಾನಿ. ಮದುವೆಯಲ್ಲಿ ಅವರಪ್ಪ "ಜಪಾನಿಂದವ್ವಾ, ಜ್ವಾಕಿ" ಎಂದು ಕೈಗಿಟ್ಟದ್ದು. "ಒಮ್ಮಿ ನೋಡಿ ಹೇಳ್ರಿ" ಎಂದು ಅತ್ತೆ ಕೇಳಿದಾಗಲೆಲ್ಲ ಮಾವ "ಆಮ್ಯಾಲೆ ನೋಡೋಣಂತ" ಎಂದು ಅಂಗಳಕ್ಕೆ ಎದ್ದು ಹೋಗುತ್ತಿದ್ದರು.

ಬೇರೆಯವರ ಮನೆಯಲ್ಲಿ ಇಂಥ ಸಂಕೋಚ ಇರಲಿಲ್ಲ. ಹರಪನಹಳ್ಳಿಗೆ ಹೆಣ್ಣು ನೋಡಲು ಹೋದಾಗ, ಚಹಾ ಇರುವಾಗಲೇ ಕಪ್ಪು ವಾಲಿಸಿದರು. ಹುಡುಗಿಯ ಅಪ್ಪನ ಧೋತರ ತೋಯ್ದು ಹೋಯಿತು.

"ಕಪ್ಪು ನಕಲಿ ಅದಾವ್ರಿ. ಹುಡುಗಿ ಮಾತ್ರ ಅಸಲಿ" ಎಂದರು.

ಹೊಗಳಿದ್ದೇ, ಪಾಪ. ಸಂಬಂಧ ಅಲ್ಲಿಗೆ ಮುರಿಯಿತು. ಹೆಣ್ಣು ಯಾರಿಗೆ ನೋಡಲು ಹೋಗಿದ್ದು ಎಂದು ಕೇಳಬೇಡಿ, ನನಗೇ!

ಹಗರಿಬೊಮ್ಮನಹಳ್ಳಿಯ ಶೇಂಗಾ ವ್ಯಾಪಾರಿಯೊಬ್ಬರು ತಮ್ಮ ಆಳೆತ್ತರದ ಹೂದಾನಿಗೆ ಲಕ್ಷ ಬರುತ್ತದೆಂದು ನಂಬಿದ್ದರು. ಮಾವ ಭೂತಗನ್ನಡಿ ಹಿಡಿದು, "ಕುಂಚದಾಗ ಬರ್ದಿದ್ರ ಗೆರಿ ಕಾಣಬೇಕ್ರಿ. ಇಲ್ಲಿ ಬರೇ ಚುಕ್ಕಿ ಅದಾವು. ಅಚ್ಚು ಒತ್ಯಾರ" ಎಂದರು.

"ಹಂಗಾರ ಬೆಲಿ ಎಷ್ಟ್ರಿ?"

"ಒಂದು ತೊಗೊಂಡ್ರ ಇನ್ನೊಂದು ಪುಕ್ಕಟೆ ಕೊಡ್ತಾರ, ಕೇಳಿ ನೋಡ್ರಿ."

ಒಳಗೆ ಕರಿಯುತ್ತಿದ್ದ ಮಿರ್ಚಿಯ ವಾಸನೆ ಮಾತ್ರ ನಮಗೆ ಸಿಕ್ಕಿತು, ಮಿರ್ಚಿ ಹೊರಗೆ ಬರಲಿಲ್ಲ.

ಕಳೆದ ತಿಂಗಳು ಅತ್ತೆಯ ತಮ್ಮನ ಹೆಂಡತಿ ಹಡಗಲಿಯಿಂದ ಬಂದವಳು ಗೋಡೆಯ ಗೂಡಿನಲ್ಲಿದ್ದ ಆ ಹೂದಾನಿಯತ್ತ ನೋಡಿ, "ಇಂಥಾವು ಸಂತ್ಯಾಗ ರಾಶಿ ಬಿದ್ದಾವಕ್ಕಾ" ಎಂದಳು. ಅತ್ತೆಯ ಮುಖ ಸಣ್ಣದಾಯಿತು. ಹೂದಾನಿ ತಂದು ಮಾವನ ಮುಂದಿಟ್ಟರು.

"ಇವತ್ತ ಹೇಳಾಕಬೇಕ್ರಿ. ನಮ್ಮಪ್ಪ ನನಗ ಖರೇ ಹೇಳ್ಯಾನೋ, ಸುಳ್ಳು ಹೇಳ್ಯಾನೋ."

ಮಾವ ಭೂತಗನ್ನಡಿ ಹಿಡಿದರು. ಹೆಗಲ ಮೇಲಿಂದ ನಾನೂ ಇಣುಕಿದೆ. ಅವರ ಜೊತೆ ತಿರುಗಿ ನನಗೂ ಆ ಚಟ ಅಂಟಿದೆಯಲ್ಲ. ಚಿತ್ರದ ಹೂವಿನ ಎಸಳಿನ ತುಂಬ ಚುಕ್ಕಿಗಳೇ! ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ಈಗೇನು ಗತಿ! ಮಾವ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

"ನನಗ ಗೊತ್ತಾಗವಲ್ದು. ಕಣ್ಣು ಮಂಜಾಗ್ಯಾವು. ಇನ್ನ ಮ್ಯಾಲೆ ನನ್ನ ಮಾತು ಯಾರೂ ನಂಬಬ್ಯಾಡ್ರಿ."

ಅತ್ತೆ ಹೂದಾನಿಯನ್ನೇ ಮರೆತರು. "ಅಯ್ಯ, ಕಣ್ಣಿಗೆ ಏನಾತ್ರಿ?" ಎಂದು ಗಾಬರಿಯಾಗಿ, ಮರುದಿನವೇ ಡಾಕ್ಟರಿಗೆ ತೋರಿಸಲು ನನಗೆ ಅಪ್ಪಣೆ ಮಾಡಿದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹೋಯಿತು. ಸಾಮಾನು ತೋರಿಸಲು ಮಾವನನ್ನು ಇನ್ನು ಯಾರೂ ಕರೆಯುವುದಿಲ್ಲ.

ಮರುದಿನ ಮತ್ತೆ ಅದೇ ಬೈಕು, ಅದೇ ಬಿಸಿಲು. ನಾನು ಗೊಣಗುತ್ತಿದ್ದೆ. ಹಿಂದಿನಿಂದ ಮಾವ ಮೆಲ್ಲಗೆ ಹೇಳಿದರು:

"ಕಣ್ಣು ಚಲೋ ಅದಾವಲೇ. ಆಕಿಗೆ ಅವರಪ್ಪ ಕೊಟ್ಟಿದ್ದು ಅದೊಂದ ಐತಿ."

ನಾನು ರಸ್ತೆಯ ಮೇಲೇ ಕಣ್ಣಿಟ್ಟು ಗಾಡಿ ಹೊಡೆದೆ. ತಿರುಗಿ ನೋಡಿದ್ದರೆ ಅತ್ತುಬಿಡುತ್ತಿದ್ದೆ.