ಚೋಟುವಿನ ಮಂಡಿಗೆ ಊರೆಲ್ಲ ಡಾಕ್ಟರು

ಮನುಷ್ಯರಿಗೆ ಮಂಡಿ ನೋವು ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ನಾಯಿಗೆ ಬಂದರೆ ಸಾಕು, ಶೆಟ್ಟಿಹಳ್ಳಿಯ ಮನೆಮನೆಯಲ್ಲೂ ಒಬ್ಬೊಬ್ಬ ಡಾಕ್ಟರು ಹುಟ್ಟಿಕೊಳ್ಳುತ್ತಾರೆ. ನಮ್ಮ ಚೋಟುವಿಗೆ ಹದಿಮೂರು ವರ್ಷ. ಬೆಳಿಗ್ಗೆ ಎದ್ದು ನಿಲ್ಲಲು ಮೂರು ಸಲ ಒದ್ದಾಡುತ್ತಾನೆ. ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬರುತ್ತದೆ, ಉಳಿದವರ ಬಾಯಲ್ಲಿ ಸಲಹೆ ಬರುತ್ತದೆ.

ಮಾತ್ರೆ

ಎದುರು ಮನೆ ಯಜಮಾನರು ಇದೇ ಊರಿನ ಹಳಬರು. ಒಂದು ಭಾನುವಾರ ತಮ್ಮ ಗೇಟಿನ ಹತ್ತಿರ ನಿಂತು, ಜೇಬಿನಿಂದ ಮಾತ್ರೆ ತೆಗೆದು ಅರ್ಧಕ್ಕೆ ಮುರಿದೇಬಿಟ್ಟರು.

“ನನ್ ಮಂಡಿ ಮಾತ್ರೆ ಕಣಮ್ಮ. ಬೆಲ್ಲದಲ್ಲಿಟ್ಟು ಆಕು. ಸಂಜೆಗೆ ಓಡ್ತದೆ.”

ನನಗೆ ಮೈಯೆಲ್ಲ ಉರಿಯಿತು. “ನಮ್ಮ ನೋವಿನ ಮಾತ್ರೆ ನಾಯಿಗೆ ವಿಷ ಆಗ್ಬಹುದು ಸಾರ್! ಹೊಟ್ಟೇಲಿ ಹುಣ್ಣಾಗುತ್ತೆ, ಕಿಡ್ನಿ ಹೋಗುತ್ತೆ. ಹೆಬ್ಬಾಳದ ಪಶು ಆಸ್ಪತ್ರೆ ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಅವನ ತೂಕಕ್ಕೆ ತಕ್ಕ ಔಷಧಿ ಬರ್ಕೊಟ್ಟಿದ್ದಾರೆ. ಅದು ಬಿಟ್ಟು ಬೇರೆ ಏನೂ ಕೊಡಲ್ಲ.”

“ಐದು ವರ್ಷದಿಂದ ನಾನು ನುಂಗ್ತಾ ಇಲ್ವಾ?”

ಒಳಗಿನಿಂದ ಅವರ ಹೆಂಡತಿ ಕೂಗಿದರು: “ನುಂಗ್ತಾ ಇದ್ದೀರಿ. ಯಾವತ್ತು ಓಡಿದ್ದೀರಿ?”

ಬೆಣ್ಣೆ

ಔಷಧಿಗಿಂತ ಮೊದಲು ತೂಕ ಇಳಿಸಿ ಎಂದಿದ್ದರು ಡಾಕ್ಟರು. ಕೀಲಿನ ಮೇಲೆ ಭಾರ ಕಮ್ಮಿಯಾದರೆ ಅರ್ಧ ನೋವು ಹೋದ ಹಾಗೆ. ನಾನು ಅಳೆದು ಅಳೆದು ಊಟ ಹಾಕಿದೆ. ದಿನಾ ಸ್ವಲ್ಪ ಸ್ವಲ್ಪವೇ ನಡೆಸಿದೆ. ತಿಂಗಳಾದ ಮೇಲೆ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಒಂದು ಕಿಲೋ ಜಾಸ್ತಿ!

“ಮನೇಲಿ ಬೇರೆ ಯಾರಾದ್ರೂ ಊಟ ಹಾಕ್ತಾರಾ?” ಎಂದರು ಡಾಕ್ಟರು.

ಜೊತೆಗೆ ಬಂದಿದ್ದ ಧಾರವಾಡದ ನಮ್ಮತ್ತೆಗೆ ಸಿಟ್ಟೇ ಬಂತು. “ನಾ ಅಂತೂ ಊಟ ಹಾಕಂಗಿಲ್ರೀ. ಬರೇ ಬೆಣ್ಣಿ.”

ಇಳಿಜಾರು

ಮೆಟ್ಟಿಲು ಹತ್ತಿಸಲೇಬೇಡಿ ಎಂದೂ ಡಾಕ್ಟರು ಹೇಳಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಿಗೆ ಐದು ಮೆಟ್ಟಿಲು. ಬಡಗಿಗೆ ಹೇಳಿ ಹಲಗೆಯ ಇಳಿಜಾರು ಮಾಡಿಸಿ, ಕಾಲು ಜಾರದಿರಲಿ ಎಂದು ಮೇಲೆ ನಾರಿನ ಚಾಪೆ ಹೊಡೆಸಿದೆ. ನಿವಾಸಿಗಳ ಸಂಘದ ಸೆಕ್ರೆಟರಿ ಓಡಿ ಬಂದರು.

“ನಾಯಿಗೋಸ್ಕರ ಇಳಿಜಾರಾ? ರೂಲ್ಸಲ್ಲಿ ಇಲ್ಲ ಮೇಡಂ. ತೆಗೆಸಿ.”

ನಾನು ತೆಗೆಸಲಿಲ್ಲ. ವಾರದೊಳಗೆ ಕಟ್ಟಡದ ಮುದುಕರೆಲ್ಲ ಮೆಟ್ಟಿಲು ಮರೆತು ಅದರ ಮೇಲೇ ಓಡಾಡತೊಡಗಿದರು, ಎಲ್ಲರಿಗಿಂತ ಮುಂದೆ ಸೆಕ್ರೆಟರಿ. ಹತ್ತನೇ ದಿನ ಗೋಡೆ ಮೇಲೆ ನೋಟಿಸು: ‘ಇಳಿಜಾರು ಹಿರಿಯರಿಗೆ ಮಾತ್ರ. ನಾಯಿಗಳಿಗೆ ಪ್ರವೇಶವಿಲ್ಲ.’

ನಾನು ಮಾಡಿಸಿದ ಇಳಿಜಾರು! ಚೋಟುವನ್ನು ಕರೆದುಕೊಂಡು ನೇರ ಅಲ್ಲಿಗೇ ಹೋದೆ. ಸೆಕ್ರೆಟರಿ ಆಗಷ್ಟೇ ಮೇಲಿನಿಂದ ಇಳಿಯಲು ಹೊರಟಿದ್ದರು.

“ನೋಟಿಸು ಓದಿಲ್ವಾ ಮೇಡಂ?”

“ಓದಿದೆ ಸಾರ್. ನಿಮಗೆ ವಯಸ್ಸೆಷ್ಟು?”

“ಅರವತ್ತೆರಡು.”

“ನಾಯಿಯ ಹದಿಮೂರು ಅಂದ್ರೆ ನಮ್ಮ ಎಂಬತ್ತರ ಹತ್ತಿರ ಅಂತಾರೆ ಡಾಕ್ಟರು. ಹಿರಿಯರು ಬರ್ತಿದ್ದಾರೆ, ದಾರಿ ಬಿಡಿ.”

ಸೆಕ್ರೆಟರಿ ಮೆಟ್ಟಿಲಿನ ಕಡೆಗೆ ತಿರುಗಿ, ಕಂಬಿ ಹಿಡಿದು, “ಅಮ್ಮಾ” ಎನ್ನುತ್ತಾ ಒಂದೊಂದಾಗಿ ಇಳಿದರು.