ಗಾಲಿ ಮೇಲಿನ ಒಲೆ

ಮನೆ ಬಿಟ್ಟು ಹೊರಗೆ ಹೋಗುವುದು ಎಂದರೇನು ಎಂದು ಗಂಡಸರನ್ನು ಕೇಳಿ ನೋಡಿ. ಬೆಟ್ಟ, ಹೊಳೆ, ಸಮುದ್ರ, ಒಳ್ಳೆ ಗಾಳಿ ಎಂದು ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ ಒಂದೇ ಮಾತು: ಒಲೆ ಬಿಟ್ಟು ಹೋಗುವುದು. ಎಲ್ಲಿಗೆ ಎನ್ನುವುದೆಲ್ಲ ಆಮೇಲಿನ ಮಾತು. ತಿರುಪತಿಗೆ ಹೋಗಿ ಬಂದಾಗ ದರ್ಶನ ಹೇಗಾಯಿತು ಎಂದು ಎಲ್ಲರೂ ಕೇಳಿದರು. ದೇವರನ್ನು ಕಂಡದ್ದು ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟರಲ್ಲಿ ತಳ್ಳಿದರು. ನನಗೆ ಇವತ್ತಿಗೂ ನೆನಪಿರುವುದು ಎಲೆ ಮುಂದೆ ಕೂತಾಗ ಯಾರೋ ಬಂದು ಬಿಸಿ ಅನ್ನ ಬಡಿಸಿದ್ದು. ಇನ್ನಷ್ಟು ಹಾಕಲಾ ಅಮ್ಮಾ ಎಂದು ಬೇರೆ ಕೇಳಿದರು. ನನಗೆ ಭಕ್ತಿ ಬಂದದ್ದು ಆವಾಗ.

ಇಂಥ ನನಗೆ ನಮ್ಮ ಯಜಮಾನರು ಒಲೆಯನ್ನೇ ಜೊತೆಗೆ ಎಳೆದುಕೊಂಡು ಹೋಗುವ ಗಾಡಿ ಮಾಡಿಕೊಟ್ಟರು. ಅವರು ಜಾಲಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ರಿಟೈರ್ ಆದರೂ ಕೈ ರಿಟೈರ್ ಆಗಲಿಲ್ಲ. ಮೊದಲು ಸಹಕಾರನಗರದ ನಮ್ಮ ಮನೆಯಲ್ಲಿ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡಿದರು. ಅದು ಮುಗಿದ ಮೇಲೆ ಕೆಡದೇ ಇದ್ದದ್ದನ್ನು ಬಿಚ್ಚಿದರು. ನನ್ನ ಮಿಕ್ಸಿ ಹೋದದ್ದು ಹಾಗೆ. ಕೊನೆಗೆ ಸ್ಕೂಲ್ ಮಕ್ಕಳನ್ನು ಹೊತ್ತು ಹೊತ್ತು ಸುಸ್ತಾಗಿದ್ದ ಒಂದು ಹಳೇ ಟೆಂಪೊ ತಂದು, ಯಶವಂತಪುರದ ಶೆಡ್ಡೊಂದರಲ್ಲಿ ಆರು ತಿಂಗಳು ಕೂತು ಅದನ್ನು ಮನೆ ಮಾಡಿದರು. ಮೊಮ್ಮಕ್ಕಳು ಮೋಟರ್‌ಹೋಮ್ ಅನ್ನುತ್ತವೆ. ಬಿಳೀ ಬಣ್ಣ ನೋಡಿ ಆಂಬುಲೆನ್ಸ್ ಇರಬೇಕೆಂದು ಎದುರು ಮನೆ ಹುಡುಗಿ ಓಡಿ ಬಂದು, “ಯಾರಿಗೇನಾಯ್ತು ಆಂಟಿ?” ಎಂದು ಕೇಳಿದ್ದೂ ಆಯಿತು.

“ನೋಡು ಜಯಾ, ಮನೇಲಿರೋದೆಲ್ಲ ಇದ್ರಲ್ಲೂ ಇದೆ” ಎಂದರು ಯಜಮಾನರು.

“ಹಾಗಿದ್ರೆ ಮನೇಲೇ ಇರಬಹುದಲ್ಲ” ಎಂದೆ.

ಅಡುಗೆ ಕಟ್ಟೆಯನ್ನೂ ಅವರೇ ಅಳತೆ ಹಿಡಿದು ಮಾಡಿದ್ದರು. ಜನ್ಮದಲ್ಲಿ ಒಲೆ ಮುಂದೆ ನಿಂತವರಲ್ಲ, ಅಳತೆಗೇನು ಕಡಿಮೆ! ಒಲೆ ಬಾಗಿಲ ಪಕ್ಕ, ಕಿಟಕಿ ಮಂಚದ ಪಕ್ಕ. ಒಗ್ಗರಣೆ ಹಾಕಿದರೆ ಹೊಗೆ ಗಾಡಿಯೆಲ್ಲ ಸುತ್ತಿ ಹೋಗಿ ದಿಂಬಿನ ಮೇಲೆ ಮಲಗುತ್ತದೆ. ಒಲೆಯ ಮೇಲೊಂದು ಹಲಗೆ, ಬಗ್ಗಿ ಎದ್ದರೆ ತಲೆಗೆ ಟಪ್. ಹೇಳಿದೆ, ಮತ್ತೆ ಹೇಳಿದೆ. “ಅಭ್ಯಾಸ ಆಗುತ್ತೆ ಬಿಡು” ಎಂದರು. ಹಲಗೆಗೋ, ನನ್ನ ತಲೆಗೋ, ಹೇಳಲಿಲ್ಲ.

ಈ ಥರ ಗಾಡಿ ಇಟ್ಟುಕೊಂಡವರದೆಲ್ಲ ಫೋನಿನಲ್ಲಿ ಒಂದು ಗುಂಪಿದೆ. ಆಗಾಗ ಎಲ್ಲರೂ ಒಂದು ಕಡೆ ಗಾಡಿ ನಿಲ್ಲಿಸಿಕೊಂಡು ಎರಡು ದಿನ ಇರುತ್ತಾರೆ. ಅದಕ್ಕೆ ರ‍್ಯಾಲಿ ಅನ್ನುತ್ತಾರೆ. ನಾನು ಕಂಡ ರ‍್ಯಾಲಿಗಳಲ್ಲಿ ಬಾವುಟ ಹಿಡಿದು ಬಿಸಿಲಲ್ಲಿ ನಡೆದರೆ ಕೊನೆಗೆ ಊಟದ ಪೊಟ್ಟಣವಾದರೂ ಕೊಡುತ್ತಿದ್ದರು. ಇದರಲ್ಲಿ ಅದೂ ಇಲ್ಲ. ಈ ಸಲದ್ದು ಚಿಕ್ಕಜಾಲ ದಾಟಿ ಒಂದು ಮಾವಿನ ತೋಪಿನಲ್ಲಿ. ಅದಾದ ಮುಂದಿನ ತಿಂಗಳು ಎಲ್ಲ ಗಾಡಿಗಳೂ ಸೇರಿ ಬಾದಾಮಿ, ಗೋಕರ್ಣ ಎಂದು ದೊಡ್ಡ ಪ್ರವಾಸ. ನಮ್ಮವರು ನನ್ನನ್ನು ಕೇಳದೇ ಇಬ್ಬರ ಹೆಸರೂ ಕೊಟ್ಟಾಗಿತ್ತು. ಸಮುದ್ರದ ದಂಡೆಯಲ್ಲಿ ಗಾಡಿ ನಿಲ್ಲಿಸಬೇಕು, ಪಕ್ಕದಲ್ಲಿ ನಾನಿರಬೇಕು, ಇದು ಅವರ ಬಹಳ ದಿನದ ಆಸೆ. ಆಸೆ ತಪ್ಪಲ್ಲ. ಆದರೆ ಆ ಚಿತ್ರದಲ್ಲಿ ನನ್ನ ಕೈಯಲ್ಲಿ ಸೌಟಿತ್ತು.

“ಈ ಎರಡು ದಿನದಲ್ಲಿ ಒಂದೇ ಒಂದು ಹೊತ್ತು ನಾನು ಒಲೆ ಮುಟ್ಟದೆ ಬಿಸಿ ಊಟ ಮಾಡಿದ್ರೆ ಗೋಕರ್ಣಕ್ಕೆ ಬರ್ತೀನಿ. ಇಲ್ಲಾಂದ್ರೆ ನೀವೊಬ್ರೇ ಹೋಗಿ. ನಾನು ಮನೇಲಿ ಮೊಸರನ್ನ ತಿಂದ್ಕೊಂಡು ಹಾಯಾಗಿರ್ತೀನಿ” ಎಂದೆ.

“ಅಷ್ಟೇ ತಾನೇ?” ಎಂದರು. ಗಂಡಸರು ಅಷ್ಟೇ ತಾನೇ ಎಂದರೆ ಕಿವಿಗೆ ಹಾಕಿಕೊಂಡಿಲ್ಲ ಎಂದರ್ಥ.

ತೋಪು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ದೂರದಲ್ಲಿ ನಂದಿ ಬೆಟ್ಟ, ತಲೆ ಮೇಲೆ ಆಗಾಗ ವಿಮಾನ. ಗಾಡಿಗಳು ಸುತ್ತಲೂ ನಿಂತಿದ್ದವು. ಗಂಡಸರೆಲ್ಲ ಮಡಚುವ ಕುರ್ಚಿ ಹಾಕಿಕೊಂಡು ಕೂತು ಬ್ಯಾಟರಿ, ಟ್ಯಾಂಕು, ಟೈರು ಎಂದು ಮಾತಿಗಿಳಿದರು. ಒಂದೊಂದು ಗಾಡಿಯ ಒಳಗಿನಿಂದಲೂ ಒಂದೊಂದು ಕುಕ್ಕರಿನ ಸೀಟಿ. ನಮ್ಮ ಬೀದಿಯನ್ನೇ ಕಿತ್ತು ತಂದು ಮರದ ಕೆಳಗೆ ನಿಲ್ಲಿಸಿದ ಹಾಗಿತ್ತು. ಪಕ್ಕದ ಗಾಡಿಯವಳು ಶಾಂತಾ, ಧಾರವಾಡದ ಕಡೆಯವಳು. ಅವಳ ಗಂಡ ಯಲಹಂಕದ ಕಾಲೇಜಿನಲ್ಲಿ ಮೇಷ್ಟ್ರು. ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಾ, “ಏನ್ರೀ ಅಕ್ಕಾರ, ಸುತ್ತಾಡಾಕ ಬಂದೀವಿ ಅಂತಾರ. ಸುತ್ತಾಡೂದು ಗಾಲಿ, ನಾವು ನಿಂತಲ್ಲೇ ಅದೀವಿ ನೋಡ್ರಿ” ಎಂದಳು.

ಮಾರನೇ ದಿನ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟ, ಒಂದೊಂದು ಗಾಡಿಯಿಂದ ಒಂದೊಂದು ಅಡುಗೆ ಎಂದು ಗುಂಪಿನ ಲೀಡರು ಸಾರಿದರು. ನಮ್ಮವರು ಆಗಲೇ “ನಮ್ಮ ಗಾಡಿಯಿಂದ ಬಿಸಿ ಬಿಸಿ ಮುದ್ದೆ” ಎಂದು ಫೋನಿನಲ್ಲಿ ಹಾಕಿಬಿಟ್ಟಿದ್ದರು. ಬೆಳಿಗ್ಗೆ ನಾನು ಎಸರಿಟ್ಟು ನಿಂತಿದ್ದೆ. ಆಗ ನಾಲ್ಕು ಜನ ನಮ್ಮ ಗಾಡಿ ನೋಡಲು ಬಂದರು. ಯಜಮಾನರು ಎದೆಯುಬ್ಬಿಸಿ ತೋರಿಸುತ್ತಾ ಹೋದರು: “ಇದು ನೀರಿನ ಟ್ಯಾಂಕು. ಇದು ಮಡಚೋ ಮಂಚ. ಇದು ಸಿಂಕು. ಇದು ಒಲೆ. ಇವರು ನಮ್ಮ ಮನೆಯವ್ರು.”

ಬಂದವರು ಸಿಂಕನ್ನು ನೋಡಿದ ಹಾಗೇ ನನ್ನನ್ನೂ ನೋಡಿ ತಲೆಯಾಡಿಸಿದರು. “ಸೂಪರ್ ಸಾರ್, ಏನೂ ಬಿಟ್ಟಿಲ್ಲ ನೀವು.”

ನಾನು ಗ್ಯಾಸ್ ಆರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಗಾಡಿ ಇಳಿದೆ. ಯಜಮಾನರ ಕುರ್ಚಿ ಖಾಲಿ ಇತ್ತು, ಕೂತೆ. ಅದರಲ್ಲಿ ಕೂತದ್ದು ಅದೇ ಮೊದಲು. ಒಳ್ಳೆ ಕುರ್ಚಿ.

“ಯಾಕೇ, ಹುಷಾರಿಲ್ವಾ?” ಯಜಮಾನರು ಗಾಬರಿಯಾದರು.

“ಚೆನ್ನಾಗಿದೀನಿ. ಗಾಡೀಲಿ ಟ್ಯಾಂಕಿದೆ, ಸಿಂಕಿದೆ, ಒಲೆ ಇದೆ. ಒಂದು ಫಿಟ್ಟಿಂಗ್ ಬಿಚ್ಕೊಂಡು ಇಳಿದಿದೆ, ಅಷ್ಟೇ. ಫಿಟ್ಟರ್ ತಾನೇ ನೀವು, ನೋಡ್ಕೊಳ್ಳಿ.”

ಶಾಂತಾ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಒಲೆಯೂ ಆರಿತು. ಗಂಡನ ಕುರ್ಚಿ ಎಳೆದುಕೊಂಡು ಬಂದು ನನ್ನ ಪಕ್ಕ ಕೂತಳು. ಆಮೇಲೆ ಇನ್ನೊಂದು ಕುರ್ಚಿ, ಮತ್ತೊಂದು. ನಾನು ಯಾರನ್ನೂ ಕರೆಯಲಿಲ್ಲ. ಕೂತವರನ್ನು ನೋಡಿದರೆ ಕೂರಬೇಕೆನ್ನಿಸುತ್ತದೆ. ಲೀಡರು ಕೈ ಹಿಸುಕಿಕೊಳ್ಳುತ್ತಾ ಬಂದು, “ಮೇಡಂ, ಊಟದ ಪ್ರೋಗ್ರಾಮ್ ಇದೆಯಲ್ಲ...” ಎಂದರು. “ಪ್ರೋಗ್ರಾಮ್ ಹಾಕಿದವ್ರು ನೀವು ತಾನೇ? ಮಾಡಿ ಸ್ವಾಮಿ” ಎಂದೆ.

ಬೇರೆ ದಾರಿ ಇರಲಿಲ್ಲ, ಗಂಡಸರು ಗಾಡಿ ಹತ್ತಿದರು. ನಮ್ಮ ಗಾಡಿಯೊಳಕ್ಕೆ ಯಜಮಾನರ ಜೊತೆ ಮೇಷ್ಟ್ರೂ ಹೋದರು. ಮುದ್ದೆ ತಿರುವುವುದು ತಮಾಷೆಯಲ್ಲ, ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಿಂದ ಮೈಯೆಲ್ಲ ಹಾಕಿ ತಿರುವಬೇಕು. ಸ್ವಲ್ಪ ಹೊತ್ತಿಗೆ ಗಾಡಿ ಆ ಕಡೆ ಈ ಕಡೆ ತೂಗಲು ಶುರುವಾಯಿತು. “ಹಿಡೀರಿ ಮೇಷ್ಟ್ರೇ!” “ಹಿಡದೀನ್ರೀ, ಪಾತ್ರೀನ ನನ್ನ ಹಿಡದೈತಿ!” ಟಪ್ ಎಂದು ಒಂದು ಶಬ್ದ. ಹಲಗೆ. ಇನ್ನೊಂದು ಟಪ್. ಮೇಷ್ಟ್ರಿಗೂ ಹಲಗೆಯ ಪರಿಚಯವಾಯಿತು. ಅಷ್ಟು ಸಾಲದು ಎಂಬಂತೆ ಮೇಷ್ಟ್ರು ಸಾರಿಗೆ ಮೆಣಸಿನಕಾಯಿ ಒಗ್ಗರಣೆ ಬೇರೆ ಹಾಕಿದರು. ಇಬ್ಬರೂ ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ಹೊರಗೆ ಬಿದ್ದರು.

“ಇಷ್ಟು ಹೊಗೆ ಬರುತ್ತೇನೇ ಜಯಾ?”

“ಅಭ್ಯಾಸ ಆಗುತ್ತೆ ಬಿಡಿ.”

ನಕ್ಕೂ ನಕ್ಕೂ ಶಾಂತಾಳಿಗೆ ಬಿಕ್ಕಳಿಕೆ ಬಂತು. ಯಜಮಾನರು ನನ್ನ ಮುಖ ನೋಡಿದರು, ತಲೆ ಸವರಿಕೊಂಡರು. ಆಮೇಲೆ ಟೂಲ್ ಬಾಕ್ಸ್ ತಂದು, ಮುದ್ದೆ ಅರ್ಧಕ್ಕೆ ಬಿಟ್ಟು, ಮೊದಲು ಆ ಹಲಗೆ ಬಿಚ್ಚಿದರು.

ಊಟ ಬಹಳ ತಡವಾಯಿತು. ಮುದ್ದೆಯಲ್ಲಿ ಗಂಟಿತ್ತು, ಗಂಟಿನೊಳಗೆ ಹಸಿ ಹಿಟ್ಟಿತ್ತು. ಆದರೆ ಬಿಸಿ ಇತ್ತು. ಯಜಮಾನರು ತಟ್ಟೆ ತಂದು ಕೂತಲ್ಲಿಗೇ ಕೊಟ್ಟು, “ಇನ್ನಷ್ಟು ಹಾಕ್ಲಾ?” ಎಂದರು. ನನಗೆ ತಿರುಪತಿ ನೆನಪಾಯಿತು. “ಹಾಕಿ” ಎಂದೆ. ಸಂಜೆ ಗಂಡಸರ ಗುಂಪಿನಲ್ಲಿ ಬ್ಯಾಟರಿ ಸುದ್ದಿಯೇ ಇಲ್ಲ, ಹೊಗೆ ಎಳೆಯುವ ಫ್ಯಾನನ್ನು ಎಲ್ಲಿ ಕೂರಿಸಬೇಕು ಎಂಬುದೇ ಮಾತು.

ಈಗ ಗೋಕರ್ಣಕ್ಕೆ ಹೊರಡಲು ತಯಾರಿ ನಡೆದಿದೆ. ಕಿಟಕಿ ಒಲೆಯ ಪಕ್ಕಕ್ಕೆ ಬಂದಿದೆ. ಭಾನುವಾರ ಭಾನುವಾರ ಮನೆ ಮುಂದೆ ನಿಂತ ಗಾಡಿಯಲ್ಲೇ ಯಜಮಾನರ ಅಡುಗೆ ಅಭ್ಯಾಸ, ನನಗೆ ಹೊಸದೊಂದು ಕುರ್ಚಿ. ಹೋದ ವಾರ ಶಾಂತಾಳೂ ಬಂದಿದ್ದಳು. ಯಜಮಾನರು ನನ್ನ ಕುರ್ಚಿಯನ್ನು ಅವಳ ಕುರ್ಚಿಯ ಪಕ್ಕ, ಬೀದಿ ಕೊನೆಯ ಪಾರ್ಕಿನ ಕಡೆಗೆ ಹಾಕಿ, “ಇಲ್ಲಿ ಹಸಿರು ಕಾಣುತ್ತೆ, ಕೂತ್ಕೋ” ಎಂದರು. ಕೂತೆ. ಒಳಗೆ ಎಣ್ಣೆ ಕಾದ ವಾಸನೆ ಬಂತು. ಸಾಸಿವೆ ಸಿಡಿದ ಸದ್ದು ಬರಲಿಲ್ಲ. ಇನ್ನೂ ಬರಲಿಲ್ಲ. ನಾನು ಎದ್ದೆ.

“ಎಲ್ಲಿಗ್ರೀ ಅಕ್ಕಾರ?” ಎಂದಳು ಶಾಂತಾ.

“ಎಲ್ಲಿಗೂ ಇಲ್ಲ” ಎಂದು ಕುರ್ಚಿಯನ್ನು ತಿರುಗಿಸಿ, ಒಲೆ ಕಾಣುವ ಹಾಗೆ ಹಾಕಿಕೊಂಡು ಕೂತೆ.